ದಿಲ್ಲಿಯ ಚಳಿ, ನಾಲ್ಕು ರಿಮ್ಮು, ಅರ್ಧ ಲೀಟರ್ ಬೆಳ್ಳಿಬಣ್ಣ

ಕೆಳಮನೆಯ ಆಂಟಿಯ ರಜಾಯಿ ಕಡುಗೆಂಪು ಬಣ್ಣದ್ದು. ಡಿಸೆಂಬರಿನ ಕೊನೆಯ ಭಾನುವಾರ. ಮೂರು ದಿನ ಕವಿದಿದ್ದ ಮಂಜು ಹರಿದು ಬಿಸಿಲು ಬಂದಿತ್ತು. ಮಯೂರ್ ವಿಹಾರದ ನಮ್ಮ ಡಿಡಿಎ ಫ್ಲ್ಯಾಟುಗಳ ತಾರಸಿಗಳಲ್ಲೆಲ್ಲ ರಜಾಯಿಗಳು ಬಿಸಿಲು ಕಾಯಿಸುತ್ತಿದ್ದವು. ನಾನೂ ಅದೇ ಬಿಸಿಲಿಗೆ ಕಾದಿದ್ದವಳು. ತಾರಸಿಯ ಇನ್ನೊಂದು ಮೂಲೆಯಲ್ಲಿ ಮಾರುತಿ 800ರ ನಾಲ್ಕು ಕಬ್ಬಿಣದ ರಿಮ್ಮುಗಳನ್ನು ಇಟ್ಟಿಗೆಗಳ ಮೇಲೆ ಮಲಗಿಸಿ, ಕೈಯಲ್ಲಿ ಹಿಡಿಯುವ ಕರೆಂಟಿನ ಸ್ಪ್ರೇ ಗನ್ನಿಗೆ ಬೆಳ್ಳಿಬಣ್ಣ ತುಂಬಿಸಿ ಶುರುಮಾಡಿದೆ.

ಮುಕ್ಕಾಲು ಗಂಟೆಯಲ್ಲಿ ಎಲ್ಲವೂ ಕೆಟ್ಟಿತು. ಮೊದಲ ರಿಮ್ಮಿನ ಬಣ್ಣ ಮೇಲೆ ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿಚಿಕೊಂಡಿತು. ಎರಡನೆಯದರ ಮೇಲ್ಮೈ ಕಾಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದಿತು. ಮೂರನೆಯದಕ್ಕೆ ಹೋಗುವಾಗ ಪಶ್ಚಿಮದಿಂದ ಸಣ್ಣ ಗಾಳಿ ಬೀಸಿ ಬೆಳ್ಳಿಯ ದೂಳು ರಜಾಯಿಯ ಮೇಲೂ, ಕೆಳಗೆ ನಿಂತಿದ್ದ ಯಾರದೋ ಬಿಳಿ ಕಾರಿನ ಮೇಲೂ ಕೂತಿತು. ಗಾಬರಿಯಲ್ಲಿ ಗನ್ನನ್ನು ಎತ್ತಿದೆ. ಸರಿಯಾಗಿ ತಿರುಗಿಸಿರದ ಅದರ ಡಬ್ಬಿ ಕಳಚಿ ಬಿತ್ತು, ಅರ್ಧ ಲೀಟರಿನ ಹತ್ತಿರ ಬಣ್ಣ ತಾರಸಿಯ ಇಳಿಜಾರು ಹಿಡಿದು ಮಳೆನೀರಿನ ಕೊಳವೆಯ ಕಡೆ ಹರಿಯತೊಡಗಿತು.

ಅಂದು ಆದ ಒಂದೊಂದು ತಪ್ಪಿಗೂ ಒಂದೊಂದು ಕಾರಣವಿತ್ತು. ಆ ಕಾರಣಗಳು ಮೊದಲೇ ಗೊತ್ತಿದ್ದರೆ ಮನೆಯಲ್ಲೇ ಕಾರಿನ ಸಣ್ಣಪುಟ್ಟ ಬಿಡಿಭಾಗಗಳಿಗೆ ಚೆನ್ನಾಗಿ ಬಣ್ಣ ಹೊಡೆಯಬಹುದು. ನಾನು ಆಮೇಲೆ ಮಾರ್ಚಿನಲ್ಲಿ ಹೊಡೆದೆ.

ರಿಮ್ಮುಗಳು ಎಲ್ಲಿಂದ ಬಂದವು

ಅಪ್ಪ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದಾಗ 2002ರಲ್ಲಿ ಇಲ್ಲಿ ಒಂದು ಮಾರುತಿ 800 ಕೊಂಡರು. ನಿವೃತ್ತರಾಗಿ ಊರಿಗೆ ಹೊರಟಾಗ ಇಲ್ಲಿನ ಸಾರಿಗೆ ಕಚೇರಿಯಿಂದ ಎನ್‌ಒಸಿ ಪಡೆದು ತೀರ್ಥಹಳ್ಳಿಗೆ ಒಯ್ದರು. ಡಿಎಲ್ ಹೋಗಿ ಕೆಎ-14 ಆಯಿತು. ಈಗ ಅಣ್ಣ ಓಡಿಸುತ್ತಾನೆ. ಮಲೆನಾಡಿನ ಮಳೆ ತಿಂದು ಅದರ ರಿಮ್ಮುಗಳು ಸಿಪ್ಪೆ ಸುಲಿಯುತ್ತಿದ್ದವು. ಶಿವಮೊಗ್ಗದಲ್ಲಿ ಹುಡುಕಿದರೆ ಸಿಗುವುದು ಕಷ್ಟ, ದಿಲ್ಲಿಯಲ್ಲಿ ರಾಶಿ ಬಿದ್ದಿವೆ. ಅದಕ್ಕೊಂದು ಕಾರಣವಿದೆ.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಯನ್ನು ದಿಲ್ಲಿಯ ಹರ್‌ಪಾಲ್ ಸಿಂಗ್ ಅವರ ಕೈಗೆ ಕೊಟ್ಟರು. ಆ ಕಾರಿನ ನಂಬರ್ ಡಿಐಎ 6479. ಅವರು 2010ರಲ್ಲಿ ತೀರಿಕೊಂಡ ಮೇಲೆ ಆ ಕಾರು ಮನೆಯ ಮುಂದೆ ತುಕ್ಕು ಹಿಡಿಯುತ್ತ ನಿಂತಿತ್ತು. ಬಳಿಕ ಅದನ್ನು ಪೂರ್ತಿಯಾಗಿ ದುರಸ್ತಿ ಮಾಡಿ ಮಾರುತಿ ಸುಜುಕಿ ಕಂಪನಿಯ ಮುಖ್ಯ ಕಚೇರಿಯಲ್ಲಿ ಇರಿಸಿದ್ದಾರೆ. ದಿಲ್ಲಿ, ಬೆಂಗಳೂರು ಸೇರಿದಂತೆ ದೊಡ್ಡ ನಗರಗಳಲ್ಲಿ 800ರ ಮಾರಾಟ 2010ರ ಏಪ್ರಿಲ್‌ನಲ್ಲಿ ನಿಂತಿತು, ತಯಾರಿಕೆ 2014ರ ಜನವರಿಯಲ್ಲಿ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನ ರಾಜಧಾನಿ ವಲಯದಲ್ಲಿ ಓಡಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟು 2018ರ ಅಕ್ಟೋಬರಿನಲ್ಲಿ ಎತ್ತಿಹಿಡಿಯಿತು. ಎರಡನ್ನೂ ಕೂಡಿಸಿ ನೋಡಿ: ದಿಲ್ಲಿಯಲ್ಲಿ ಮಾರಾಟವಾದ 800 ಎಲ್ಲವೂ ಆ ಗಡಿ ದಾಟಿವೆ. 2025ರಲ್ಲಿ ಈ ನಿಯಮ ಹಲವು ಸಲ ಸಡಿಲಗೊಂಡು ಬಿಗಿಯಾಯಿತು. ಹಳೆ ಕಾರಿರುವವರು ಆಯಾ ಹೊತ್ತಿನ ಆದೇಶ ನೋಡಿಕೊಳ್ಳಬೇಕು. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟೇ, ಬಿಚ್ಚಿದ 800ಗಳ ಮೈಕೈ ಎಲ್ಲ ಮಾಯಾಪುರಿಯ ಗುಜರಿ ಅಂಗಡಿಗಳಿಗೆ ಬರುತ್ತವೆ. ಹೊಸ ಬಿಡಿಭಾಗ ಬೇಕೆಂದರೆ ಕಾಶ್ಮೀರಿ ಗೇಟ್, ಹಳೆಯದು ಬೇಕೆಂದರೆ ಮಾಯಾಪುರಿ.

ಗುಜರಿಯಲ್ಲಿ ರಿಮ್ಮು ಆರಿಸುವಾಗ ಬಣ್ಣ ನೋಡಬೇಡಿ, ಆಕಾರ ನೋಡಿ. ಸಮತಟ್ಟಾದ ನೆಲದ ಮೇಲೆ ಉರುಳಿಸಿ, ಅಡ್ಡಾಡಿದರೆ ಬಿಡಿ. ಟೈರಿನ ಅಂಚು ಕೂರುವ ಜಾಗದಲ್ಲಿ ತಗ್ಗು, ಬೋಲ್ಟಿನ ತೂತುಗಳ ಸುತ್ತ ಕೂದಲೆಳೆಯಂಥ ಬಿರುಕು, ಎಲ್ಲಾದರೂ ವೆಲ್ಡಿಂಗ್ ಗುರುತು ಕಂಡರೆ ಎಷ್ಟು ಅಗ್ಗವಾದರೂ ಬೇಡ. ಬಿಲ್ ಕೇಳಿ ಪಡೆಯಿರಿ. ಬ್ರೇಕಿನ ಭಾಗ, ಸೀಟ್ ಬೆಲ್ಟು ಇವನ್ನು ಮಾತ್ರ ಹಳೆಯದು ಕೊಳ್ಳಲೇಬಾರದು. ಮಾಯಾಪುರಿ ಎಂದಾಗಲೆಲ್ಲ ನನಗೆ 2010ರ ಏಪ್ರಿಲ್ ನೆನಪಾಗುತ್ತದೆ. ವಿಶ್ವವಿದ್ಯಾಲಯವೊಂದು ಹರಾಜು ಹಾಕಿದ ಹಳೆ ಯಂತ್ರದಲ್ಲಿದ್ದ ಕೋಬಾಲ್ಟ್-60 ಅಲ್ಲಿನ ಅಂಗಡಿಯಲ್ಲಿ ಹೊರಬಿದ್ದು ವಿಕಿರಣಕ್ಕೆ ಒಬ್ಬ ಕೆಲಸಗಾರ ಪ್ರಾಣ ಕಳೆದುಕೊಂಡ. ಏನೆಂದು ಗೊತ್ತಿಲ್ಲದ ಲೋಹದ ತುಂಡನ್ನು ಕುತೂಹಲಕ್ಕೆಂದು ಮನೆಗೆ ತರಬೇಡಿ.

ಬಿಳಿಚಿದ್ದೇಕೆ

ಕೆಟ್ಟ ರಿಮ್ಮುಗಳನ್ನು ಹೊತ್ತು ನಾನು ಹೋದದ್ದು ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ಒಬ್ಬ ಪೇಂಟರ್ ಬಳಿಗೆ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ. ನಮ್ಮೂರಲ್ಲಿ ಟಿಂಕರಿಂಗ್ ಅನ್ನುವುದಕ್ಕೆ ಇಲ್ಲಿ ಡೆಂಟಿಂಗ್ ಅನ್ನುತ್ತಾರೆ. ಹತ್ತು ವರ್ಷ ಈ ಊರಲ್ಲಿದ್ದೂ ನಾನು ಟಿಂಕರಿಂಗ್ ಅಂಗಡಿ ಎಲ್ಲಿದೆ ಎಂದು ಕೇಳಿ ಜನರನ್ನು ಗೊಂದಲಕ್ಕೆ ಕೆಡವಿದ್ದೇನೆ. ಉಸ್ತಾದರು ಬಿಳಿಚಿದ ರಿಮ್ಮಿನ ಮೇಲೆ ಹೆಬ್ಬೆರಳು ಆಡಿಸಿ ಕೇಳಿದ್ದು ಒಂದೇ ಪ್ರಶ್ನೆ, "ರಾತ್ರಿ ಇದು ಎಲ್ಲಿತ್ತು?"

ರಾತ್ರಿಯಿಡೀ ತಾರಸಿಯಲ್ಲೇ ಇತ್ತು. ಅಲ್ಲೇ ತಪ್ಪಾಗಿತ್ತು.

ನಾನು ಬಳಸಿದ್ದು ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಬಣ್ಣ. ಗ್ಯಾರೇಜುಗಳಲ್ಲೂ ಬಡಗಿಗಳ ಬಾಯಲ್ಲೂ ಇದು ಡ್ಯೂಕೋ. ಅಮೆರಿಕದ ಡ್ಯೂಪಾಂಟ್ ಕಂಪನಿ 1920ರ ದಶಕದಲ್ಲಿ ಆ ಹೆಸರಿನಲ್ಲಿ ತಂದ ಬಣ್ಣವನ್ನು 1924ರ ಓಕ್‌ಲ್ಯಾಂಡ್ ಕಾರುಗಳಿಗೆ ಹೊಡೆದಾಗ, ದಿನಗಟ್ಟಲೆ ಹಿಡಿಯುತ್ತಿದ್ದ ಒಣಗುವ ಕೆಲಸ ಗಂಟೆಗಳಿಗೆ ಇಳಿಯಿತು. ನೂರು ವರ್ಷವಾದರೂ ಹೆಸರು ನಮ್ಮ ಬೀದಿಗಳಲ್ಲಿ ಉಳಿದಿದೆ. ಇದು ಬೇಗ ಒಣಗಲು ಕಾರಣ ಅದರೊಳಗಿನ ಥಿನ್ನರ್ ಬೇಗ ಆರುವುದು. ಆರುವ ಯಾವುದೇ ದ್ರವವೂ ತಾನು ಕೂತ ಜಾಗದ ಶಾಖ ಎಳೆದುಕೊಳ್ಳುತ್ತದೆ. ಮಡಕೆಯ ನೀರು ತಣ್ಣಗಾಗುವುದೂ ಹೀಗೆಯೇ. ಮೊದಲೇ ತಣ್ಣಗಿದ್ದ ಕಬ್ಬಿಣ ಇನ್ನಷ್ಟು ತಣ್ಣಗಾದರೆ ಗಾಳಿಯ ತೇವ ಹಸಿ ಬಣ್ಣದ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಬಿಳಿಪು ಬಂದದ್ದು ಆ ನೀರಿನಿಂದ.

ಇದನ್ನು ಮುಂಚೆಯೇ ಲೆಕ್ಕ ಹಾಕಬಹುದು. ಫೋನಿನಲ್ಲಿ ಹವಾಮಾನ ನೋಡುವಾಗ ಉಷ್ಣಾಂಶ, ತೇವಾಂಶ ಎರಡನ್ನೂ ನೋಡಿ. ನೂರರಿಂದ ತೇವಾಂಶ ಕಳೆದು, ಉಳಿದದ್ದನ್ನು ಐದರಿಂದ ಭಾಗಿಸಿ, ಬಂದದ್ದನ್ನು ಉಷ್ಣಾಂಶದಿಂದ ಕಳೆಯಿರಿ. ಇಬ್ಬನಿ ಕಟ್ಟುವ ಉಷ್ಣಾಂಶ ಸುಮಾರಾಗಿ ಸಿಗುತ್ತದೆ. ಅಂದು ಹನ್ನೊಂದು ಗಂಟೆಗೆ 12 ಡಿಗ್ರಿ, ತೇವಾಂಶ 85. ಲೆಕ್ಕ ಮಾಡಿದರೆ 9 ಡಿಗ್ರಿ. ಲೋಹ ಅದಕ್ಕಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕೆಂಬುದು ಈ ಕಸುಬಿನ ನಿಯಮ. ರಾತ್ರಿಯಿಡೀ ಮಂಜಿನಲ್ಲಿ ತೊಯ್ದ ರಿಮ್ಮು ಗಾಳಿಗಿಂತಲೂ ತಣ್ಣಗಿತ್ತು. ಬಿಸಿಲು ನನ್ನ ಬೆನ್ನಿಗೆ ಹಿತವಾಗಿದ್ದರೂ ಕಬ್ಬಿಣದ ಒಳಗೆ ಇಳಿದಿರಲಿಲ್ಲ. ಮಾರ್ಚಿನ ಒಂದು ಮಧ್ಯಾಹ್ನ 26 ಡಿಗ್ರಿ, ತೇವಾಂಶ 45 ಇದ್ದರೆ ಇಬ್ಬನಿಯ ಬಿಂದು 15ರ ಆಸುಪಾಸು, ನಡುವೆ ಹನ್ನೊಂದು ಡಿಗ್ರಿ ಅಂತರ. ಬಣ್ಣಕ್ಕೆ ಬೇಕಾದದ್ದು ಅಂಥ ದಿನ.

ದಿಲ್ಲಿಯಲ್ಲಿ ಆ ದಿನಗಳು ಕಡಿಮೆ. ಫೆಬ್ರವರಿಯ ನಡುವಿನಿಂದ ಮಾರ್ಚಿನ ಕೊನೆಯವರೆಗೆ ಒಳ್ಳೆಯ ಕಾಲ. ಮಳೆ ನಿಂತ ಮೇಲೆ ಸೆಪ್ಟೆಂಬರಿನ ಕೊನೆ, ಅಕ್ಟೋಬರಿನ ಮೊದಲರ್ಧ ಕೂಡ. ಏಪ್ರಿಲ್ ದಾಟಿದರೆ ಲೂ ಎಂಬ ಬಿಸಿಗಾಳಿ ರಾಜಸ್ಥಾನದ ಮರಳನ್ನು ಹಸಿ ಬಣ್ಣದ ಮೇಲೆ ತಂದು ಹಾಕುತ್ತದೆ. 42 ಡಿಗ್ರಿಯಲ್ಲಿ ಬಣ್ಣದ ಹನಿ ಲೋಹ ಮುಟ್ಟುವ ಮೊದಲೇ ಅರ್ಧ ಒಣಗಿ ಕಿತ್ತಳೆಯ ಸಿಪ್ಪೆಯಂತೆ ತರಿತರಿಯಾಗುತ್ತದೆ. ಜುಲೈ-ಆಗಸ್ಟಿನಲ್ಲಿ ತೇವ. ನವೆಂಬರಿನಿಂದ ಹೊಗೆ. ಗಾಳಿಯ ಗುಣಮಟ್ಟದ ಸೂಚ್ಯಂಕ 300 ದಾಟಿದ ದಿನ ಥಿನ್ನರ್ ಡಬ್ಬಿಯನ್ನೇ ತೆರೆಯಬೇಡಿ ಎನ್ನುತ್ತೇನೆ. ನಮ್ಮ ನೆರೆಯವರ ಮಕ್ಕಳು ಉಸಿರಾಡಬೇಕಾದ ಗಾಳಿ ಅದು.

ಬಿಳಿಚಿದ ಬಣ್ಣ ಎಲ್ಲ ಸಲವೂ ಹಾಳಾದಂತಲ್ಲ. ಬೆಚ್ಚಗಿನ ಒಣ ದಿನ ತೀರಾ ತೆಳುವಾಗಿ ನಿಧಾನವಾಗಿ ಆರುವ ಥಿನ್ನರ್ (ಅಂಗಡಿಯಲ್ಲಿ ರಿಟಾರ್ಡರ್ ಎಂದು ಕೇಳಿ) ಹಾಯಿಸಿದರೆ ಬಣ್ಣ ಮತ್ತೆ ಮೃದುವಾಗಿ, ಸಿಕ್ಕಿಕೊಂಡ ತೇವ ಹೊರಬಿದ್ದು ಬಿಳಿಪು ಮಾಯವಾಗುತ್ತದೆ. ಉಸ್ತಾದರು ನನ್ನ ಕಣ್ಣೆದುರೇ ಒಂದು ಅಂಗೈಯಗಲ ಮಾಡಿ ತೋರಿಸಿದರು.

ಸುಕ್ಕು

ಎರಡನೆಯ ರಿಮ್ಮಿನ ರೋಗ ಬೇರೆ. ಇದು ಹವೆಯದಲ್ಲ, ಒಂದಕ್ಕೊಂದು ಹೊಂದದ ಬಣ್ಣಗಳದು. ಮನೆಯಲ್ಲಿ ಕೆಲಸ ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಶನಿವಾರ ಸಂಜೆ ನಾನು ಆ ರಿಮ್ಮಿಗೆ ಬ್ರಶ್ಶಿನಲ್ಲಿ ರೆಡ್ ಆಕ್ಸೈಡ್ ಬಳಿದಿದ್ದೆ, ಮನೆಯ ಗೇಟಿಗೆ ಹಚ್ಚುವ ಕೆಂಪು ಪ್ರೈಮರ್. ಬೆಳಗ್ಗೆ ಮುಟ್ಟಿದರೆ ಕೈಗೆ ಅಂಟಲಿಲ್ಲ, ಒಣಗಿದೆ ಅಂದುಕೊಂಡೆ. ಗೇಟಿನ ಆ ಪ್ರೈಮರ್ ಎಣ್ಣೆಮೂಲದ ಸಿಂಥೆಟಿಕ್ ಎನಾಮೆಲ್ ಜಾತಿಯದು. ಅದು ಒಣಗುವುದು ಥಿನ್ನರ್ ಆರುವುದರಿಂದ ಮಾತ್ರವಲ್ಲ. ಗಾಳಿಯ ಆಮ್ಲಜನಕ ಹೀರುತ್ತ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಗಟ್ಟಿಯಾಗುತ್ತದೆ. ಚಳಿಯಲ್ಲಿ ಇನ್ನೂ ನಿಧಾನ. ಮೇಲೆ ಸಿಪ್ಪೆ ಕಟ್ಟಿದ್ದರೂ ಒಳಗೆ ಹಸಿ. ಅದರ ಮೇಲೆ ಎನ್‌ಸಿ ಬಣ್ಣ ಬಿದ್ದಾಗ ಅದರ ಕಟು ಥಿನ್ನರ್ ಸಿಪ್ಪೆಯೊಳಗೆ ಇಳಿದು ಅದನ್ನು ಉಬ್ಬಿಸಿ ಲೋಹದಿಂದ ಎಬ್ಬಿಸಿಬಿಟ್ಟಿತು.

ಎನ್‌ಸಿ ಮೇಲೆ ಎನಾಮೆಲ್ ಹಚ್ಚಬಹುದು. ಎನಾಮೆಲ್ ಮೇಲೆ ಎನ್‌ಸಿ ಹಚ್ಚಬಾರದು. ರೆಡ್ ಆಕ್ಸೈಡ್ ಎಂಬುದು ಬಣ್ಣದ ಹೆಸರೇ ಹೊರತು ಜಾತಿಯ ಹೆಸರಲ್ಲ. ಯಾವ ಥಿನ್ನರ್ ಬೆರೆಸಬೇಕು ಎಂದು ಡಬ್ಬಿಯ ಹಿಂದೆ ಬರೆದಿರುವುದನ್ನು ಓದಿದರೆ ಜಾತಿ ತಿಳಿಯುತ್ತದೆ. ಟರ್ಪೆಂಟೈನ್ ಅಥವಾ ಎನಾಮೆಲ್ ಥಿನ್ನರ್ ಎಂದಿದ್ದರೆ ಎನಾಮೆಲ್. ಪ್ರೈಮರ್, ಬಣ್ಣ, ಮೇಲಿನ ಲ್ಯಾಕರ್ ಮೂರನ್ನೂ ಒಂದೇ ಕಂಪನಿಯ ಒಂದೇ ಸರಣಿಯಿಂದ ಕೊಳ್ಳುವುದು ಎಲ್ಲಕ್ಕಿಂತ ನೆಮ್ಮದಿ.

ಗುಜರಿಯಿಂದ ಬಂದ ಭಾಗದ ಮೇಲೆ ಈಗಾಗಲೇ ಯಾವ ಬಣ್ಣ ಇದೆಯೆಂದು ತಿಳಿಯಲು ಉಸ್ತಾದರು ಹೇಳಿಕೊಟ್ಟ ಪರೀಕ್ಷೆ ಇದು. ಬಿಳಿ ಬಟ್ಟೆಗೆ ಎನ್‌ಸಿ ಥಿನ್ನರ್ ಹಾಕಿ ಕಣ್ಣಿಗೆ ಕಾಣದ ಮೂಲೆಯಲ್ಲಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಅದು ಎನ್‌ಸಿ ಅಥವಾ ಅಕ್ರಿಲಿಕ್ ಲ್ಯಾಕರ್. ಸುಕ್ಕಾಗಿ ಎದ್ದರೆ ಎನಾಮೆಲ್. ಏನೂ ಆಗದಿದ್ದರೆ ಕಾರ್ಖಾನೆಯ ಒಲೆಯಲ್ಲಿ ಬೆಂದ ಬಣ್ಣ, ಅಥವಾ ಹಾರ್ಡ್‌ನರ್ ಬೆರೆಸಿದ 2ಕೆ. ಉಜ್ಜಿ ಹೊಳಪು ತೆಗೆದು ಅದರ ಮೇಲೆಯೇ ಧೈರ್ಯವಾಗಿ ಹೊಡೆಯಬಹುದು.

ಸುಕ್ಕಾದದ್ದನ್ನು ಮುಚ್ಚಲು ಹೋಗಬೇಡಿ. ಪೂರ್ತಿ ಕೆರೆದು ಲೋಹಕ್ಕೆ ಇಳಿಯುವುದೊಂದೇ ದಾರಿ. ಕೆರೆಯಲು ಸಿಗುವ ಪೇಂಟ್ ರಿಮೂವರ್‌ಗಳಲ್ಲಿ ಮೆಥಿಲೀನ್ ಕ್ಲೋರೈಡ್ ಇರುವವನ್ನು ಬಚ್ಚಲುಮನೆಯಲ್ಲಿ, ಮುಚ್ಚಿದ ಬಾಲ್ಕನಿಯಲ್ಲಿ ತೆರೆಯಲೇಬೇಡಿ. ಅದರ ಆವಿಯಿಂದ ಜನ ಸತ್ತಿದ್ದಾರೆ. ಅಮೆರಿಕದಲ್ಲಿ 2019ರಿಂದ ಅಂಥ ರಿಮೂವರನ್ನು ಮನೆಬಳಕೆಗೆ ಮಾರುವಂತಿಲ್ಲ.

ಚೆಲ್ಲಿದ ಮೇಲೆ

ತಾರಸಿಯಲ್ಲಿ ಬಣ್ಣ ಹರಿಯುತ್ತಿದ್ದಾಗ ನನ್ನ ಕೈ ಹೋದದ್ದು ನೀರಿನ ಪೈಪಿನ ಕಡೆ. ಅಷ್ಟರಲ್ಲಿ ಮೇಲೆ ಬಂದ ನಮ್ಮನೆಯವರು ಅದನ್ನು ಕಿತ್ತುಕೊಂಡು ಹೂಕುಂಡದ ಮಣ್ಣು ಸುರಿದರು. ಅದೇ ಸರಿಯಾದ ಕೆಲಸ. ಎನ್‌ಸಿ ಬಣ್ಣ ನೀರಿನಲ್ಲಿ ಕರಗದು. ನೀರು ಹಾಕಿದರೆ ತೇಲಿಕೊಂಡು ಇನ್ನಷ್ಟು ದೂರ ಹರಡುತ್ತದೆ, ಕೊಳವೆ ಹಿಡಿದು ಯಮುನೆಯವರೆಗೂ ಹೋಗುತ್ತದೆ. ಥಿನ್ನರ್ ಹಾಕಿ ಒರೆಸಲು ಹೋದರೆ ಒಂದು ಚದರಡಿಯ ಕಲೆ ಹತ್ತು ಚದರಡಿಯಾಗುತ್ತದೆ. ಮೊದಲು ಇಳಿಜಾರಿನ ಕೆಳಗೆ ಮಣ್ಣಿನ ಕಟ್ಟೆ ಹಾಕಿ ತಡೆಯಿರಿ, ಆಮೇಲೆ ಮರಳು, ಮಣ್ಣು, ಮರದ ಪುಡಿ ಯಾವುದಿದೆಯೋ ಅದನ್ನು ಅಂಚಿನಿಂದ ನಡುವಿಗೆ ಸುರಿಯುತ್ತ ಬನ್ನಿ. ಹೀರಿಕೊಂಡದ್ದನ್ನು ಮೊರದಲ್ಲಿ ಎತ್ತಿ, ಬಯಲಲ್ಲೇ ಒಣಗಿಸಿ. ಉಳಿದ ತೆಳು ಪದರವನ್ನು ಮಾತ್ರ ಥಿನ್ನರ್ ತೊಯ್ದ ಬಟ್ಟೆಯಿಂದ ಉಜ್ಜಿ.

ಕೈ, ಮೊಣಕೈಗೆ ಅಂಟಿದ್ದನ್ನು ಥಿನ್ನರಿನಲ್ಲಿ ತೊಳೆಯಬೇಡಿ. ಅದು ಚರ್ಮದ ಎಣ್ಣೆಯನ್ನೆಲ್ಲ ಎಳೆದು ಬಿರುಕು ಬಿಡಿಸುತ್ತದೆ, ಚರ್ಮದ ಮೂಲಕ ಒಳಗೂ ಇಳಿಯುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ನಿಧಾನವಾಗಿ ತಿಕ್ಕಿ ಸೋಪು ಹಾಕಿದರೆ ಎರಡು ಮೂರು ಸರದಿಗೆ ಹೋಗುತ್ತದೆ. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಬಿಡದೆ ನೀರು ಹಾಯಿಸಿ ನೇರ ಆಸ್ಪತ್ರೆಗೆ ಹೋಗಿ.

ಬಿಳಿ ಕಾರಿನ ಮೇಲೆ ಕೂತ ಬೆಳ್ಳಿಯ ದೂಳು ಬೆರಳಿಗೆ ಉಪ್ಪಿನಂತೆ ತಾಗುತ್ತಿತ್ತು. ಅದರ ಯಜಮಾನರನ್ನು ಹುಡುಕಿ ಕ್ಷಮೆ ಕೇಳಿ ಅವರ ಎದುರೇ ತೆಗೆದೆ. ಕಾರು ತೊಳೆದು, ಸೋಪಿನ ನೀರು ಚೆನ್ನಾಗಿ ಹಾಕಿ, ಕ್ಲೇ ಬಾರ್ ಎಂಬ ಮೃದುವಾದ ಜೇಡಿಯಂಥ ಉಂಡೆಯನ್ನು ಒತ್ತದೆ ಜಾರಿಸುತ್ತ ಹೋದರೆ ಮೇಲಿನ ಕಣಗಳು ಅದಕ್ಕೆ ಅಂಟಿ ಬರುತ್ತವೆ. ಕಾರ್ ಪಾಲಿಶ್ ಮಾರುವ ಅಂಗಡಿಗಳಲ್ಲಿ, ಕರೋಲ್ ಬಾಗಿನಲ್ಲಿ ಸಿಗುತ್ತದೆ. ಉಂಡೆ ನೆಲಕ್ಕೆ ಬಿದ್ದರೆ ಎಸೆದುಬಿಡಿ. ಅಂಟಿದ ಮರಳು ಕಾರಿನ ಮೈ ಗೀರುತ್ತದೆ. ರಜಾಯಿಯ ಬಟ್ಟೆಯಿಂದ ಮಾತ್ರ ಬೆಳ್ಳಿ ಹೋಗಲಿಲ್ಲ. ಒಣಗಿದ ಲ್ಯಾಕರ್ ನೂಲಿನಿಂದ ಬರುವುದಿಲ್ಲ. ಹೊಸ ಹೊದಿಕೆ ಹೊಲಿಸಿಕೊಟ್ಟೆ.

ಬಣ್ಣದ ಕಣ ಎಷ್ಟು ದೂರ ಹಾರುತ್ತದೆ ಎಂಬುದನ್ನು ನಾನು ಊಹಿಸಿರಲಿಲ್ಲ. ರಜಾಯಿ ಏಳು ಮೀಟರಿನಾಚೆ ಇತ್ತು. ತಾರಸಿಯಲ್ಲಿ ಹೊಡೆಯುವುದಾದರೆ ದೊಡ್ಡ ರಟ್ಟಿನ ಪೆಟ್ಟಿಗೆ, ಫ್ರಿಜ್ಜು ಬಂದದ್ದಾದರೆ ಒಳ್ಳೆಯದು, ಒಂದು ಮಗ್ಗುಲು ಕತ್ತರಿಸಿ ನಿಲ್ಲಿಸಿ ಅದರೊಳಗೆ ಹೊಡೆಯಿರಿ. ಹಿಂದಿನ ದಿನವೇ ಮೇಲೆ ಕೆಳಗೆ ಎಲ್ಲ ಮನೆಗೂ ಹೇಳಿ.

ಉಸಿರು, ಬೆಂಕಿ

ದಿಲ್ಲಿಯ ಪ್ರತಿ ಮನೆಯಲ್ಲೂ ಎನ್-95 ಮಾಸ್ಕ್ ಇದೆ. ನಾನೂ ಅದನ್ನೇ ಹಾಕಿಕೊಂಡು ಸುರಕ್ಷಿತಳೆಂದು ನಂಬಿದ್ದೆ. ಆ ಮಾಸ್ಕು ಕಣಗಳನ್ನು ತಡೆಯುತ್ತದೆ, ಆವಿಯನ್ನಲ್ಲ. ಅಂದು ಸಂಜೆ ತಲೆ ಸಿಡಿಯುತ್ತಿತ್ತು, ವಾಕರಿಕೆ ರಾತ್ರಿವರೆಗೂ ಹೋಗಲಿಲ್ಲ. ಥಿನ್ನರಿನ ಟೊಲ್ವೀನ್ ಆವಿಗೆ ಬೇಕಾದದ್ದು ಇದ್ದಿಲು ತುಂಬಿದ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್‌ಗಳ ಮಾಸ್ಕ್. ಹಾಕಿಕೊಂಡ ಮೇಲೂ ವಾಸನೆ ಬಂದರೆ ಕಾರ್ಟ್ರಿಜ್ ಮುಗಿದಿದೆ ಅಥವಾ ಮುಖಕ್ಕೆ ಸರಿಯಾಗಿ ಕೂತಿಲ್ಲ. ಹಾರ್ಡ್‌ನರ್ ಬೆರೆಸುವ 2ಕೆ ಬಣ್ಣಗಳನ್ನು ಮನೆಯಲ್ಲಿ ಹೊಡೆಯಲೇಬೇಡಿ. ಅವುಗಳಲ್ಲಿರುವ ಐಸೋಸಯನೇಟ್ ಆಯುಷ್ಯವಿಡೀ ಉಳಿಯುವ ಆಸ್ತಮಾ ತರಬಲ್ಲದು. ಅದಕ್ಕೆ ಹೊರಗಿನಿಂದ ಗಾಳಿ ಕೊಡುವ ಮುಖವಾಡ, ಬೂತ್ ಎರಡೂ ಬೇಕು.

ಬೆಂಕಿಯ ಮಾತು ಇನ್ನೂ ಗಂಭೀರ. ಎನ್‌ಸಿ ಥಿನ್ನರಿನ ಆವಿ ದಿಲ್ಲಿಯ ಚಳಿಯಲ್ಲೂ ಕಿಡಿಗೆ ಹತ್ತಿಕೊಳ್ಳುತ್ತದೆ. ಅದು ಗಾಳಿಗಿಂತ ಭಾರ, ನೆಲಕ್ಕಂಟಿ ಹರಿದು ಪಕ್ಕದ ಕೋಣೆಯ ಗೀಸರ್, ಅಂಗೀಠಿ (ಇದ್ದಿಲ ಒಲೆ), ಕಾಯಿಲ್ ಹೀಟರನ್ನು ತಲುಪಬಲ್ಲದು. ಚಳಿಗಾಲದಲ್ಲಿ ಬಣ್ಣ ಬೇಗ ಒಣಗಲೆಂದು ಹೀಟರ್ ಮುಂದೆ ಇಡುವುದು ನಮ್ಮ ಓಣಿಯಲ್ಲೇ ಕಂಡಿದ್ದೇನೆ, ದಯವಿಟ್ಟು ಮಾಡಬೇಡಿ. ನಾನು ಬಳಸಿದ ಕರೆಂಟಿನ ಗನ್ನಿನ ಕೈಪಿಡಿಯನ್ನು ಆಮೇಲೆ ಓದಿದೆ. ಬೇಗ ಹತ್ತಿಕೊಳ್ಳುವ ದ್ರಾವಣ ಬಳಸಬಾರದೆಂದು ಸ್ಪಷ್ಟವಾಗಿ ಬರೆದಿತ್ತು. ಒಳಗಿನ ಮೋಟಾರಿನ ಕಿಡಿ ಸಾಕು. ಅಂದು ಏನೂ ಆಗಲಿಲ್ಲವೆಂಬುದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಸ್ಪ್ರೇ ಕ್ಯಾನ್‌ಗಳನ್ನು ಕುದಿನೀರಿನಲ್ಲಿ ಬಿಸಿ ಮಾಡಬೇಡಿ, ಮೇ ತಿಂಗಳಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. 50 ಡಿಗ್ರಿ ದಾಟಿದರೆ ಸಿಡಿಯುವ ಅಪಾಯವಿದೆ. ಬಣ್ಣ, ಥಿನ್ನರನ್ನು ರೈಲಿನಲ್ಲಿ ಒಯ್ಯುವುದು ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. ಊರಿಗೆ ರಿಮ್ಮು ಕಳಿಸಿ, ಟಚಪ್ ಬಣ್ಣವನ್ನು ಅಲ್ಲೇ ಕೊಳ್ಳಿ.

ಉಳಿದ ಡಬ್ಬಿ, ಬಟ್ಟೆಗಳು ಮನೆಯ ಅಪಾಯಕಾರಿ ಕಸ. ಘನತ್ಯಾಜ್ಯ ನಿಯಮ ಅವನ್ನು ಬೇರೆಯಾಗಿಯೇ ಕೊಡಬೇಕೆನ್ನುತ್ತದೆ. ಎನಾಮೆಲ್ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ಒಳಗೇ ಶಾಖ ಕಟ್ಟಿ ತಾನಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಮಾರ್ಚಿನ ಕೆಲಸ

ಎರಡನೆಯ ಸಲ ನಾನು ಬಣ್ಣಕ್ಕೆ ಕೊಟ್ಟದ್ದು ಒಂದು ಮಧ್ಯಾಹ್ನ, ಅದಕ್ಕೂ ಮುಂಚಿನ ತಯಾರಿಗೆ ಮೂರು ವಾರಾಂತ್ಯ.

ಮೊದಲು ಬಟ್ಟೆಸೋಪಿನ ಪುಡಿಯಲ್ಲಿ ಗ್ರೀಸು ಹೋಗುವಂತೆ ತೊಳೆದೆ. ಇದು ಉಜ್ಜುವ ಮೊದಲೇ ಆಗಬೇಕು, ಇಲ್ಲದಿದ್ದರೆ ಗ್ರೀಸನ್ನು ಲೋಹದ ಗೀರುಗಳೊಳಗೆ ತಿಕ್ಕಿ ತುಂಬಿದಂತಾಗುತ್ತದೆ. ಆಮೇಲೆ ತಂತಿ ಬ್ರಶ್, ಆಮೇಲೆ ಉಪ್ಪುಕಾಗದ. ಇಲ್ಲಿನ ಅಂಗಡಿಯಲ್ಲಿ ರೇಗ್‌ಮಾಲ್ ಎಂದು ಕೇಳಬೇಕು. 80ರಿಂದ ಶುರುಮಾಡಿ 180, 320. ಹಳೆ ಬಣ್ಣವನ್ನು ನೀರು ಹಾಕಿಕೊಂಡೇ ಉಜ್ಜಿ. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಮ್ಮ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ, ಆದರೆ ಅದು ಗೋಡೆ-ಬಾಗಿಲಿನ ಬಣ್ಣಗಳಿಗೆ ಮಾತ್ರ. ಹಳೆ ವಾಹನದ ಬಣ್ಣದ ದೂಳು ಮಕ್ಕಳ ಕೈಬಾಯಿಗೆ ಹೋಗಬಾರದು.

ಗುಳಿಗುಳಿಯಾದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ರಸ್ಟ್ ರಿಮೂವರ್ ಬೇಕು. ಹುಣಸೆಹುಳಿಯಲ್ಲಿ ಹಿತ್ತಾಳೆ ಬಿಂದಿಗೆ ಬೆಳಗಿದವರಿಗೆ ಆಮ್ಲದ ಕೆಲಸ ಹೊಸದಲ್ಲ. ಕ್ಲಿಪ್ಪು, ಬ್ರಾಕೆಟ್ಟಿನಂಥ ಸಣ್ಣವನ್ನು ಬಿಳಿ ವಿನೆಗರಿನಲ್ಲಿ ಒಂದು ರಾತ್ರಿ ನೆನೆಸಿದರೂ ನಡೆಯುತ್ತದೆ, ತೆಗೆದ ಮೇಲೆ ಅಡುಗೆ ಸೋಡಾದ ನೀರಿನಲ್ಲಿ ಅದ್ದಿ ಆಮ್ಲ ಮುರಿಯಬೇಕು. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಒಣಗುವಾಗ ಉಪ್ಪು ಬಿಡುತ್ತದೆ, ಆ ಉಪ್ಪು ಬಣ್ಣದಡಿ ಗುಳ್ಳೆಯಾಗುತ್ತದೆ. ಕೊನೆಯ ಸಲ ಆರ್‌ಒ ನೀರಿನಲ್ಲಿ ತೊಳೆದು, ಕೂಡಲೇ ಹೇರ್ ಡ್ರೈಯರಿನಿಂದ ಒಣಗಿಸಿದೆ. ಬರಿಯ ಉಕ್ಕು ಒಂದೇ ಗಂಟೆಯಲ್ಲಿ ಕಂದು ಬಣ್ಣಕ್ಕೆ ತಿರುಗುವುದನ್ನು ನೋಡಿದ್ದೇನೆ. ಉಜ್ಜಿದ ದಿನವೇ ಪ್ರೈಮರ್ ಆಗಬೇಕು.

ರಿಮ್ಮಿನಲ್ಲಿ ಬಣ್ಣ ಬೀಳಬಾರದ ಜಾಗಗಳಿವೆ, ಇದನ್ನು ದೊಡ್ಡ ದೊಡ್ಡ ಗ್ಯಾರೇಜಿನವರೂ ಮರೆಯುತ್ತಾರೆ. ನಟ್ಟು ಕೂರುವ ಇಳಿಜಾರು ತೂತುಗಳು ಮತ್ತು ಹಬ್ಬಿಗೆ ಒತ್ತಿ ಕೂರುವ ಹಿಂಬದಿ. ಅಲ್ಲಿ ದಪ್ಪ ಬಣ್ಣವಿದ್ದರೆ ಕಾರು ಓಡಿದಂತೆ ಅದು ನಲುಗಿ, ಬಿಗಿದ ನಟ್ಟು ಸಡಿಲವಾಗುತ್ತದೆ. ಮಾಸ್ಕಿಂಗ್ ಟೇಪು ಕತ್ತರಿಸಿ ಅಂಟಿಸಿ ಮುಚ್ಚಿ.

ಈ ಸಲ ಗನ್ನು ಬಿಟ್ಟು ಒಂದೇ ಸರಣಿಯ ಅಕ್ರಿಲಿಕ್ ಸ್ಪ್ರೇ ಕ್ಯಾನ್‌ಗಳನ್ನು ಬಳಸಿದೆ. ಒಳಗಿನ ಗುಂಡು ಸದ್ದು ಮಾಡಲು ಶುರುವಾದ ಮೇಲೆ ಎರಡು ನಿಮಿಷ ಕುಲುಕಬೇಕು. ಬೆಳ್ಳಿಬಣ್ಣದಲ್ಲಿ ಹೊಳೆಯುವುದು ಅಲ್ಯೂಮಿನಿಯಂ ಹೊಟ್ಟು, ಅದು ತಳದಲ್ಲಿ ಕೂತಿರುತ್ತದೆ. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ದೂರ, ರಿಮ್ಮಿನ ಹೊರಗೆ ಶುರುಮಾಡಿ ಹೊರಗೇ ಬಿಡಬೇಕು. ಮೊದಲ ಕೋಟು ಮಂಜು ಬಿದ್ದ ಹಾಗೆ ಇರಲಿ, ಕೆಳಗಿನ ಪ್ರೈಮರ್ ಕಾಣುತ್ತಿರಲಿ. ಹತ್ತು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಬಿಟ್ಟು ಮೂರನೆಯದು. ಒಂದೇ ಸಲಕ್ಕೆ ಮುಚ್ಚುವ ಆಸೆಯಿಂದಲೇ ಬಣ್ಣ ಕಣ್ಣೀರಿನಂತೆ ಇಳಿಯುವುದು. ಇಳಿದರೆ ಒರೆಸಬೇಡಿ, ನಾಲ್ಕು ದಿನ ಬಿಟ್ಟು 1000 ನಂಬರಿನ ಕಾಗದದಲ್ಲಿ ನೀರು ಹಾಕಿ ಉಜ್ಜಿ ಸಮತಟ್ಟು ಮಾಡಿ, ಮತ್ತೊಂದು ತೆಳು ಕೋಟು ಕೊಡಿ. ಡ್ಯಾಶ್‌ಬೋರ್ಡಿನ ಸಿಲಿಕೋನ್ ಪಾಲಿಶ್ ಮುಟ್ಟಿದ ಕೈಯಿಂದ ರಿಮ್ಮು ಮುಟ್ಟಿದರೆ ಬಣ್ಣ ಮೀನಿನ ಕಣ್ಣಿನಂತೆ ಒಡೆದುಕೊಳ್ಳುತ್ತದೆ.

ಗ್ರಿಲ್ಲು, ವೀಲ್ ಕ್ಯಾಪುಗಳಂಥ ಪ್ಲಾಸ್ಟಿಕ್ ಭಾಗಗಳ ಹಿಂದೆ ಸಣ್ಣ ಅಕ್ಷರ ಅಚ್ಚಾಗಿರುತ್ತದೆ. ಎಬಿಎಸ್ ಎಂದಿದ್ದರೆ ಥಿನ್ನರ್ ತಾಗಿಸಬೇಡಿ, ಕರಗುತ್ತದೆ. ಪಿಪಿ ಎಂದಿದ್ದರೆ ಪ್ಲಾಸ್ಟಿಕ್ ಪ್ರೈಮರ್ ಇಲ್ಲದೆ ಯಾವ ಬಣ್ಣವೂ ನಿಲ್ಲದು, ಉಗುರಿಗೆ ಎದ್ದು ಬರುತ್ತದೆ.

ಇಷ್ಟು ತಾಳ್ಮೆ ಇಲ್ಲದವರಿಗೆ ನನ್ನ ಪ್ರಾಮಾಣಿಕ ಸಲಹೆ: ರಿಮ್ಮುಗಳನ್ನು ಪೌಡರ್ ಕೋಟಿಂಗಿಗೆ ಕೊಡಿ. ಓಖ್ಲಾ, ಮಾಯಾಪುರಿ, ನೋಯ್ಡಾದ ಕೈಗಾರಿಕಾ ಬಡಾವಣೆಗಳಲ್ಲಿ ಮಾಡುವವರಿದ್ದಾರೆ. ಒಣ ಪುಡಿಯನ್ನು ವಿದ್ಯುತ್ತಿನಿಂದ ಅಂಟಿಸಿ 180-200 ಡಿಗ್ರಿಯ ಒಲೆಯಲ್ಲಿ ಬೇಯಿಸುತ್ತಾರೆ, ಕಲ್ಲು ಸಿಡಿದರೂ ತಡೆದುಕೊಳ್ಳುತ್ತದೆ. ನಟ್ಟಿನ ತೂತು ಮುಚ್ಚಿ ಎಂದು ಅವರಿಗೂ ಹೇಳಬೇಕು. ಹಳೆ ಕಾರು ಪೂರ್ತಿ ದುರಸ್ತಿಯಾದರೆ ಹೇಗಿರುತ್ತದೆ ಎಂದು ನೋಡುವ ಆಸೆ ಇರುವವರು ಗುರುಗ್ರಾಮದಾಚೆ ತಾವಡೂವಿನಲ್ಲಿ 2013ರಲ್ಲಿ ತೆರೆದ ಹೆರಿಟೇಜ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂಗೆ ಒಂದು ದಿನ ಹೋಗಿಬನ್ನಿ. ಅಲ್ಲಿನ ಮಡ್‌ಗಾರ್ಡುಗಳ ಅಂಚನ್ನು ಬಗ್ಗಿ ನೋಡಿದ ಮೇಲೆ ನನಗೆ ಮತ್ತೆ ಉಪ್ಪುಕಾಗದ ಹಿಡಿಯುವ ಹುರುಪು ಬಂದದ್ದು.

ಏಪ್ರಿಲಿನಲ್ಲಿ ರಿಮ್ಮುಗಳು ಲಾರಿ ಪಾರ್ಸೆಲ್ಲಿನಲ್ಲಿ ಊರು ಸೇರಿದವು. ಟೈರು ಹಾಕಿಸಿದ ದಿನ ಅಣ್ಣ ಫೋನ್ ಮಾಡಿದ.

"ಎಂಥ ಚೆಂದ ಮಾಡಿದ್ದೀಯೇ ಮಾರಾಯ್ತಿ, ಅಪ್ಪ ಮುಟ್ಟಿ ಮುಟ್ಟಿ ನೋಡ್ತಿದ್ದಾರೆ."

"ಅಣ್ಣಾ, ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ ನಟ್ಟೆಲ್ಲ ಇನ್ನೊಂದ್ಸಲ ಬಿಗಿ ಮಾಡು. ಮರೀಬೇಡ."

ಮರುದಿನ ಅಪ್ಪನನ್ನು ಕೂರಿಸಿಕೊಂಡು ಆಗುಂಬೆಗೆ ಹೋಗಿಬಂದು ಸ್ಪ್ಯಾನರ್ ಹಿಡಿದನಂತೆ. ಹದಿನಾರು ನಟ್ಟಿನಲ್ಲಿ ಎರಡು ಕಾಲು ಸುತ್ತು ತಿರುಗಿದವು.